ಬಲೆಗೆ ಕಟ್ಟಿದ ಸೀಸ

ಮಾಮು,

ಸಲಾಮು ಬರೆದು ಶುರು ಮಾಡಬೇಕಿತ್ತು. ಆಗಲಿಲ್ಲ. ನಿಮ್ಮ ನಲವತ್ತನೇ ದಿನದ ಫಾತಿಹಾ ಮುಗಿಯುವವರೆಗೆ ಸುಮ್ಮನಿದ್ದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆಡುವುದಿಲ್ಲ, ಬರೆಯುತ್ತೇನೆ. ನೀವು ಬದುಕಿದ್ದಾಗ ನಿಮ್ಮೆದುರು ನನ್ನ ಬಾಯಿಂದ ಮಾತಾದರೂ ಯಾವತ್ತು ಹೊರಟಿತ್ತು? ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿ ನನ್ನನ್ನು ನಿಮ್ಮ ಕಾರು ತೊಳೆಯಲು ಹಚ್ಚಿದವರು ನೀವೇ. ಆ ನಾಲ್ಕು ವರ್ಷ ಕಲಿತ ಅಕ್ಷರ ಇಷ್ಟಕ್ಕಾದರೂ ಬರಲಿ.

ಕಾರಿಗೆ ಹೊಸ ಟೈರು ಹಾಕಿಸಿ ತಂದ ವರ್ಷ ನೆನಪಿದೆಯೇ? ಕಿತ್ತೂರಿನ ಹತ್ತಿರ ಹೆದ್ದಾರಿ ಆಗಷ್ಟೇ ಅಗಲವಾಗಿತ್ತು. ನಮ್ಮ ಬೈಲಹೊಂಗಲದ ಬಟ್ಟೆ ಸಾಹುಕಾರರನ್ನು ಧಾರವಾಡಕ್ಕೆ ಕರೆದುಕೊಂಡು ಹೋಗೆಂದು ಮೊದಲ ಸಲ ನನ್ನೊಬ್ಬನ ಕೈಗೆ ಕೀಲಿ ಕೊಟ್ಟಿರಿ. ಕಿತ್ತೂರಿನವರೆಗೆ ಕಾರು ಬೆಣ್ಣೆಯಂತೆ ಓಡಿತು. ಹೆದ್ದಾರಿಗೆ ಹತ್ತಿ ಎಂಬತ್ತು ಮುಟ್ಟಿದ್ದೇ ತಡ, ಸ್ಟೇರಿಂಗು ಗಡಗಡ ನಡುಗಲು ಹತ್ತಿತು. ವೇಗ ಇಳಿಸಿದರೆ ನಡುಕ ನಿಂತಿತು. ಮತ್ತೆ ಎಂಬತ್ತಕ್ಕೆ ಮತ್ತೆ ನಡುಕ, ನೂರರ ಹತ್ತಿರ ಹೋದರೆ ಕಡಿಮೆ. ಸಾಹುಕಾರರ ಹೆಂಡತಿ ಹಿಂದಿನ ಸೀಟಿನಿಂದಲೇ ದೇವರನ್ನು ಕರೆಯತೊಡಗಿದರು. ಊರಿಗೆ ಬಂದದ್ದೇ ಸಾಹುಕಾರರು ನಿಮ್ಮ ಮುಂದೆ, "ಇವನ ಗಾಡ್ಯಾಗ ಇನ್ನ ನಾವು ಕುಂಡ್ರಂಗಿಲ್ಲ" ಅಂದರು.

ನೀವು ಕಾರನ್ನು ನೋಡಲಿಲ್ಲ ಅನ್ನುವುದಿಲ್ಲ. ಗಾಲಿಯ ನಟ್ಟು ಬಿಗಿ ಮಾಡಿದಿರಿ. ಟೈರಾಡ್ ಬದಲಿಸಿದಿರಿ. ಬೇರಿಂಗಿಗೆ ಗ್ರೀಸ್ ತುಂಬಿಸಿದಿರಿ. ಆಮೇಲೆ ಪರೀಕ್ಷೆ ಮಾಡಲು ಎಲ್ಲಿಗೆ ಹೋದಿರಿ? ನೇಸರಗಿಯ ರಸ್ತೆಗೆ! ತಗ್ಗು ದಿನ್ನೆಯ ಆ ರಸ್ತೆಯಲ್ಲಿ ಐವತ್ತರ ಮೇಲೆ ಯಾರ ಕಾರು ಓಡೀತು? ತಿರುಗಿ ಬಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳುವಂತೆ ಹೇಳಿದಿರಿ, "ಗಾಡಿ ನಡಗಾಕತ್ತಿಲ್ಲ. ಈ ದಾವಲನ ಕೈ ನಡಗಾಕತ್ತಾವು."

ಅಷ್ಟಕ್ಕೇ ಬಿಟ್ಟಿದ್ದರೆ... ಇಲ್ಲ, ನೀವು ಬಿಡುವವರಲ್ಲ. ಚಹಾದ ಅಂಗಡಿಯಿಂದ ಒಂದು ಕಪ್ಪು, ಅದರ ಬಸಿ ತರಿಸಿದಿರಿ. ಕಪ್ಪಿಗೆ ತುಂಬ ಚಹಾ ಹಾಕಿಸಿ, ಬಸಿಯ ಮೇಲಿಟ್ಟು ನನ್ನ ಕೈಗೆ ಕೊಟ್ಟಿರಿ. "ಹಿಡಿ ಮಗಾ, ಎಲ್ಲಾರೂ ನೋಡ್ಲಿ." ಅಷ್ಟು ಮಂದಿ ಡ್ರೈವರರು ಸುತ್ತ ನಿಂತು ನೋಡುವಾಗ ಯಾರ ಕೈ ನಡುಗುವುದಿಲ್ಲ ಮಾಮು? ನಾಲ್ಕು ಮಂದಿ ಕೂಡಿದರೆ ತಲೆ ಎತ್ತಲೂ ನಾಚುವವನು ನಾನು. ಕಪ್ಪು ಗಲಗಲ ಅಂತು, ಚಹಾ ಚೆಲ್ಲಿ ಅಂಗಿಯ ತೋಳು ತೊಯ್ದಿತು. ಹಿರಿಯ ಡ್ರೈವರ್ ಈರಪ್ಪಣ್ಣ, "ಏ ಬಸಿ, ಮನಿಗೆ ಹೋಗಿ ಅಂಗಿ ಒಗಿ" ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನೀವು ನಕ್ಕಿರಿ. ಅವತ್ತಿನಿಂದ ಸ್ಟ್ಯಾಂಡಿನಲ್ಲಿ ದಾವಲ ಸತ್ತ, ಬಸಿ ಉಳಿದ.

ರಾಮದುರ್ಗಕ್ಕೆ ನನ್ನನ್ನು ಕಳಿಸಿದ್ದು ಅದೇ ತಿಂಗಳು. ನಿಮ್ಮ ಬೀಗರ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತಿದ್ದು ಅಂದಿರಿ. ಕಾರನ್ನು ನೀವೇ ಓಡಿಸಿದಿರಿ, ಅರವತ್ತು ದಾಟದಂತೆ. "ಅರವತ್ತರ ಮ್ಯಾಲೆ ಹೊಡಿಯಾಂವ ಸೈತಾನ" ಅನ್ನುತ್ತಿದ್ದಿರಿ. ಕೈಯೇ ನಡುಗುವುದಾದರೆ ಅದು ಎಂಬತ್ತರವರೆಗೆ ಯಾಕೆ ಕಾಯಬೇಕು? ನೂರರ ಹತ್ತಿರ ಹೋದಾಗ ಯಾಕೆ ಕಡಿಮೆಯಾಗಬೇಕು? ಇದನ್ನು ನಿಮಗೆ ಕೇಳಬೇಕೆಂದು ಅಂಗಡಿಯಲ್ಲಿ ಕೂತು ಎಷ್ಟು ಸಲ ಬಾಯಿಪಾಠ ಮಾಡಿದೆ. ಹಬ್ಬಕ್ಕೆ ಬಂದು ನಿಮ್ಮ ಮೀಸೆ ನೋಡಿದರೆ ಎಲ್ಲ ಮರೆತುಹೋಗುತ್ತಿತ್ತು. ಕೊನೆಗೆ ನಾನೂ ನಂಬಿದೆ. ನೀರಿನ ಗ್ಲಾಸನ್ನೂ ಎರಡು ಕೈಯಲ್ಲಿ ಹಿಡಿದು ಕುಡಿಯುವುದು ಕಲಿತೆ.

ನಿಮ್ಮ ಮಣ್ಣಿಗೆ ಬಂದವನು ಮಾಮಿಯ ಜೊತೆಗೇ ಉಳಿದೆ. ಹೋದ ವಾರ ಅವರ ಕಣ್ಣು ತೋರಿಸಲು ಧಾರವಾಡಕ್ಕೆ ಹೊರಟೆವು. ಕಾರು ನಿಮ್ಮದೇ. ನೀವು ಹೋದ ಮೇಲೆ ಅದನ್ನು ಮುಟ್ಟುವವರೇ ಇರಲಿಲ್ಲ. ನಾನು ಒಲ್ಲೆ ಅಂದರೂ ಮಾಮಿ ಕೀಲಿಯನ್ನು ನನ್ನ ಅಂಗಿಯ ಕಿಸೆಗೆ ತುರುಕಿದರು. ಕಿತ್ತೂರು ದಾಟಿದ ಮೇಲೆ ಶುರು ಮಾಡಿದರು, "ಜೋರ್ ಹೊಡಿಯೋ, ದವಾಖಾನಿ ಮುಚ್ಚತೈತಿ. ಮಯ್ಯತ್ ಹೊತ್ತು ಖಬರಸ್ತಾನಕ್ಕ ಹೊಂಟಂಗ ಹೊಂಟಿಯಲ್ಲ!" ಎಂಬತ್ತು ಮುಟ್ಟಿತು. ಅದೇ ನಡುಕ. ನನ್ನ ಕಣ್ಣಲ್ಲಿ ನೀರು ಬಂತು. "ಮಾಮಿ, ನನ್ನ ಕೈ ನೋಡ್ರಿ" ಅಂದೆ.

ಪಕ್ಕದಲ್ಲಿ ಕೂತಿದ್ದ ಮಾಮಿ ಸುಮ್ಮನೆ ತಮ್ಮ ಅಂಗೈಯನ್ನು ಸ್ಟೇರಿಂಗಿನ ಮೇಲಿಟ್ಟರು. ಬಳೆಗಳು ಗಲಗಲ ಅಂದವು.

"ನನ್ನ ಕೈನೂ ನಡಗಾಕತ್ತೈತಿ. ಹಂಗಾದ್ರ ನಾನೂ ಬಸಿ ಏನು?"

ಧಾರವಾಡದಲ್ಲಿ ದವಾಖಾನೆ ಮುಗಿಸಿ ಅವರೇ ಕಾರನ್ನು ಒಂದು ಟೈರಿನ ಅಂಗಡಿಗೆ ಹೊಡೆಸಿದರು. ಅಂಗಡಿಯವನು ಹೊರಗೆ ನಿಂತೇ ಕೇಳಿದ, "ನಡಕ ಎಷ್ಟಕ್ಕ ಚಾಲೂ ಆಗತೈತಿ?" ಎಂಬತ್ತಕ್ಕೆ ಅಂದೆ. "ಬ್ರೇಕ್ ಒತ್ತಿದಾಗ ಹೆಚ್ಚಾಗತೈತೇನು?" ಇಲ್ಲ ಅಂದೆ. "ಸೀಟು ನಡಗತೈತೋ, ಸ್ಟೇರಿಂಗ್ ಅಷ್ಟನೋ?" ನನಗಿಂತ ಮೊದಲು ಮಾಮಿ ಹೇಳಿದರು, "ಸ್ಟೇರಿಂಗ್ ಅಷ್ಟರೀ. ಸೀಟು ಗಪ್ ಕುಂತೈತಿ." ಹಾಗಾದರೆ ಮುಂದಿನ ಗಾಲಿ ಅಂದವನೇ ಬಗ್ಗಿ ನೋಡಿದ. ನೋಡಿ ನನ್ನನ್ನು ಕರೆದ. ಹಿಂದಿನ ಗಾಲಿಗಳ ರಿಮ್ಮಿನ ಅಂಚಿಗೆ ಬೆರಳಿನಷ್ಟುದ್ದದ ಸೀಸದ ತುಂಡುಗಳು ಕಚ್ಚಿಕೊಂಡಿದ್ದವು. ಗಾಲಿಯ ತೂಕ ಸುತ್ತಲೂ ಸಮ ಇರಲೆಂದು ಟೈರು ಹಾಕಿದವರು ಕೂಡಿಸುವ ತುಂಡುಗಳು. ಅವಿಲ್ಲದಿದ್ದರೆ ವೇಗ ಏರಿದಾಗ ಗಾಲಿ ಅದುರಿ ಸ್ಟೇರಿಂಗು ನಡುಗುತ್ತದೆ. ಮುಂದಿನ ಎರಡು ಗಾಲಿಗಳಲ್ಲಿ ಒಂದೂ ಇರಲಿಲ್ಲ. ಅವು ಇದ್ದ ಜಾಗದಲ್ಲಿ ಇಕ್ಕಳದಿಂದ ಮೀಟಿದ ಗೀರು ಮಾತ್ರ ಉಳಿದಿತ್ತು.

"ತಾವಾಗೇ ಬಿದ್ದಿದ್ದಲ್ಲ ಇವು. ಈ ಸೀಸ ಯಾರ್ ಕಿತ್ತಾರ್ರಿ?"

ಮಾಮಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಹಾಯ್ ಅಲ್ಲಾ, ಆ ಮೀನಿನ ಬಲಿ!"

ನವಿಲುತೀರ್ಥದ ಅಣೆಕಟ್ಟಿಗೆ ಬಾಡಿಗೆ ಹೋದಾಗಲೆಲ್ಲ ನೀವು ಡಿಕ್ಕಿಯಲ್ಲಿ ಬೀಸುಬಲೆ ಒಯ್ಯುತ್ತಿದ್ದಿರಲ್ಲ. ಅಂಚಿಗೆ ಭಾರ ಸಾಲದೆ ಬಲೆ ತೇಲುತ್ತದೆ ಎಂದು ಗೊಣಗುತ್ತಿದ್ದಿರಂತೆ. ಹೊಸ ಟೈರು ಬಂದ ವಾರವೇ ಎಲ್ಲಿಂದಲೋ ಸೀಸ ಸಿಕ್ಕಿತೆಂದು ಹಿಗ್ಗಿದಿರಂತೆ. ಮನೆಗೆ ಬಂದು ಮಾಮಿ ಅಟ್ಟದಿಂದ ಬಲೆ ಇಳಿಸಿದರು. ಅಂಚಿನಲ್ಲಿ ಬಡಿದು ಮಡಚಿದ ಸೀಸ. ಅದರ ಮೇಲೆ ಕಂಪನಿಯವರು ಒತ್ತಿದ ತೂಕದ ಅಂಕಿಗಳು ಹಾಗೇ ಇದ್ದವು. ಕಾರಿನ ಮೇಲೆ ಅದು ಬೇಕಿಲ್ಲದ ವಸ್ತು ಅನ್ನಿಸಿತೇ ನಿಮಗೆ? ಇರಲಿ, ತಿಳಿಯದೆ ಕಿತ್ತಿರಿ. ಆದರೆ ಕಿತ್ತದ್ದಂತೂ ಗೊತ್ತಿತ್ತಲ್ಲ? ಎಲ್ಲ ಬಿಚ್ಚಿ ನೋಡುವಾಗ ಆ ಗೀರು ಕಣ್ಣಿಗೆ ಬೀಳಲಿಲ್ಲವೇ? ಅಥವಾ ಬಿದ್ದೂ...

ಆ ಬಲೆಯ ಮೀನನ್ನು ನಾನೂ ತಿಂದೆ ಮಾಮು. ಹಬ್ಬಕ್ಕೆ ರಾಮದುರ್ಗದಿಂದ ಬಂದಾಗ ದೊಡ್ಡ ತುಂಡನ್ನು ನನ್ನ ತಾಟಿಗೇ ಹಾಕುತ್ತಿದ್ದಿರಿ. "ತಿನ್ನೋ, ಕೈಯಾಗ ತಾಕತ್ ಬರ್ಲಿ" ಅನ್ನುತ್ತಿದ್ದಿರಿ.

ನಿನ್ನೆ ಬಲೆಯನ್ನು ಸ್ಟ್ಯಾಂಡಿಗೆ ಒಯ್ದೆ. ಬಾನೆಟ್ಟಿನ ಮೇಲೆ ಹರವಿದೆ. "ಏನ ಬಸಿ, ಮೀನ ಮಾರ್ತೀಯೇನು?" ಎನ್ನುತ್ತ ಈರಪ್ಪಣ್ಣ ಹತ್ತಿರ ಬಂದ. ಒಂದು ಸೀಸ ಎತ್ತಿ ಅಂಕಿ ಓದಿದ. ಮುಂದಿನ ಗಾಲಿಗೆ ಧಾರವಾಡದವನು ಕೂಡಿಸಿದ ಹೊಸ ಸೀಸ ನೋಡಿದ. ಡ್ರೈವರನಿಗೆ ಬಿಡಿಸಿ ಹೇಳುವುದು ಬೇಕಾಗಲಿಲ್ಲ. "ಎಲಾ ಇವನ!" ಎಂದು ನಿಮಗೆ ಒಂದು ಬೈಗುಳ ಬೈದ. ಅದನ್ನು ಬರೆಯುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. "ದಾವಲ, ಧಾರವಾಡಕ್ಕ ಒಂದ್ ಬಾಡಿಗಿ ಐತಿ. ಹೋಗ್ತೀಯೇನು?"

ಹೋಗಿ ಬಂದೆ. ಕಿತ್ತೂರು ದಾಟಿದ ಮೇಲೆ ಎಂಬತ್ತು, ತೊಂಬತ್ತು. ಹಿಂದಿನ ಸೀಟಿನ ಅಜ್ಜ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ ಅಲುಗದ ಸ್ಟೇರಿಂಗನ್ನೂ ನನ್ನ ಕೈಯನ್ನೂ ತೋರಿಸಬೇಕು ಅನ್ನಿಸಿತು.

ನಿಮ್ಮನ್ನು ಮಾಫ್ ಮಾಡಿಲ್ಲ. ಬಲೆಯನ್ನು ಮಾರಿಬಿಡು ಅನ್ನುತ್ತಾರೆ ಮಾಮಿ. ಮಾರುವುದಿಲ್ಲ. ಅದು ಡಿಕ್ಕಿಯಲ್ಲೇ ಇರುತ್ತದೆ. ಇಂಥ ಡ್ರೈವರ್ ಮತ್ತೆ ಹುಟ್ಟಲಿಲ್ಲ ಎಂದು ಯಾರಾದರೂ ನಿಮ್ಮ ಹೆಸರೆತ್ತಿದರೆ, ಕಾರು ನಿಲ್ಲಿಸಿ, ಇಳಿದು, ಡಿಕ್ಕಿ ತೆಗೆದು ತೋರಿಸುತ್ತೇನೆ.

ದಾವಲ