ಮೂರನೆಯ ಸಾಲಿನ ನಾಲ್ಕನೆಯ ಹಡಗು

ಸೆಂಗ್‌ಕಾಂಗ್, ಸಿಂಗಾಪುರ
18 ಸೆಪ್ಟೆಂಬರ್ 2007

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಮೈದುನ ಬದರಿನಾಥ ಸಮುದ್ರದ ಈಚೆ ದಡದಿಂದ ಮಾಡುವ ನಮಸ್ಕಾರ. ನಿಮಗೆ ಕಣ್ಣು ಕಾಣುವುದಿಲ್ಲವೆಂದು ಭಾಗೀರಥಿ ಬರೆದಿದ್ದಾಳೆ, ಆದ್ದರಿಂದ ಇದನ್ನು ಅವಳೇ ಓದಿ ಹೇಳಲಿ. ಭಾಗೀ, ಅಮ್ಮನ ಬಲಗಿವಿಯ ಕಡೆ ಕುಳಿತುಕೋ. ಎಡಗಿವಿ ಮೊದಲಿನಿಂದಲೂ ಸ್ವಲ್ಪ ಮಂದ. ನಾನು ಬೈಸಿಕೊಳ್ಳುವ ಕೆಲಸ ಮಾಡಿದಾಗಲೆಲ್ಲ ಅದನ್ನು ಆ ಕಡೆ ನಿಂತೇ ಹೇಳುತ್ತಿದ್ದೆ.

ನೀವು ಊಟ ಬಿಟ್ಟಿದ್ದೀರಂತೆ. ಗಳಿಗೆಗೊಮ್ಮೆ "ನಾನೇ ಕರೆಸಿ ಕೊಂದೆ" ಎನ್ನುತ್ತೀರಂತೆ. ಅರವತ್ತನಾಲ್ಕು ವರ್ಷ ತುಟಿ ಬಿಚ್ಚದೆ ಇದ್ದು ಈಗ ಇದನ್ನು ಹೊರಗೆ ತೆಗೆದಿದ್ದೀರಿ. ಅತ್ತಿಗೆ, ಅಣ್ಣನನ್ನು ಕೊಂದವರು ನೀವಲ್ಲ. ಅವನನ್ನು ಆ ಹಡಗುಗಳ ಜೊತೆ ಕಳಿಸಿದವನು ನಾನು. ಇದನ್ನು ಎಂದೋ ನಿಮ್ಮೆದುರು ಕುಳಿತು ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ಈಗ ಧೈರ್ಯ ಬಂದಿದೆ, ಕಾಲು ಬಿದ್ದುಹೋಗಿವೆ. ವಿಮಾನ ಹತ್ತಲು ಡಾಕ್ಟರು ಬಿಡುತ್ತಿಲ್ಲ.

ಭಾನುವಾರಗಳಂದು ಮಗ ಅಜಯ್ ನನ್ನನ್ನು ಗಾಲಿಕುರ್ಚಿಯಲ್ಲಿ ಈಸ್ಟ್ ಕೋಸ್ಟಿನ ಕಡಲತೀರಕ್ಕೆ ಕರೆದೊಯ್ಯುತ್ತಾನೆ. ಇಲ್ಲೀಗ ವ್ಯಾಪಾರ ಭರಾಟೆಯಲ್ಲಿದೆ. ಬಂದರಿನಲ್ಲಿ ಜಾಗ ಸಾಲದೆ ಹಡಗುಗಳು ಕಣ್ಣು ಹಾಯುವಷ್ಟು ದೂರ ಲಂಗರು ಹಾಕಿ ನಿಂತಿರುತ್ತವೆ. ಸಂಜೆಯಾಗುತ್ತಲೇ ಒಂದೊಂದರಲ್ಲೂ ದೀಪ. ಮೊಮ್ಮಗಳು ಧೃತಿ ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸಿ, "ತಾತಾ, ಎಷ್ಟು ಪ್ರೆಟ್ಟಿಯಾಗಿದೆ ಲಾ, ನೋಡು" ಎನ್ನುತ್ತಾಳೆ. ನಾನು ಮುಖ ತಿರುಗಿಸುತ್ತೇನೆ. ದೀಪ ಹಚ್ಚಿಕೊಂಡು ನಿಂತ ಹಡಗನ್ನು ನೋಡಿದರೆ ನನಗೆ ಇವತ್ತಿಗೂ 'ಆರಿಸಿ' ಎಂದು ಕೂಗಬೇಕೆನಿಸುತ್ತದೆ.

ಯುದ್ಧಕಾಲದಲ್ಲಿ ಅಣ್ಣ ಸರಕು ಹಡಗಿನ ವೈರ್‌ಲೆಸ್ ಆಪರೇಟರ್ ಆಗಿದ್ದ. ನಾನು ಏಡನ್ ಬಂದರಿನಲ್ಲಿ, ಸರಕು ಹಡಗುಗಳನ್ನು ಗುಂಪು ಕಟ್ಟಿ ಕಳಿಸುವ ಕಚೇರಿಯಲ್ಲಿ ಗುಮಾಸ್ತ. ಆ ಕೆಲಸ ಕೊಡಿಸಿದವನೂ ಅವನೇ. ಒಂಟಿ ಹಡಗು ಶತ್ರುವಿನ ಸಬ್‌ಮರೀನಿಗೆ ಸುಲಭದ ತುತ್ತು. ಅದಕ್ಕೇ ಇಪ್ಪತ್ತು ಮೂವತ್ತನ್ನು ಒಟ್ಟುಗೂಡಿಸಿ, ನಾಲ್ಕೈದರಂತೆ ಒಂದರ ಹಿಂದೊಂದು ನಿಲ್ಲಿಸಿ, ಅಂಥ ಸಾಲುಗಳನ್ನು ಪಕ್ಕಪಕ್ಕ ಹೊಂದಿಸಿ ಕಳಿಸುತ್ತಿದ್ದೆವು. ಎಣ್ಣೆ, ಮದ್ದುಗುಂಡು ಹೊತ್ತವು ನಡುವೆ. ಸುತ್ತ ಕಾವಲಿಗೆ ಮೂರೋ ನಾಲ್ಕೋ ಯುದ್ಧನೌಕೆ, ಅದಕ್ಕಿಂತ ಹೆಚ್ಚು ಇರಲಿಲ್ಲ. ಕತ್ತಲಾದ ಮೇಲೆ ಯಾರೂ ಬೆಳಕು ತೋರಿಸುವಂತಿಲ್ಲ. ಹಗಲು ಹೊಗೆ ಬಿಡುವಂತಿಲ್ಲ. ಜಾಡು ಸಿಕ್ಕೀತೆಂದು ಅಡುಗೆಮನೆಯ ಸಿಪ್ಪೆಯನ್ನು ಸಹ ನೀರಿಗೆ ಎಸೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ ವೇಗದ್ದು. ಎಲ್ಲರೂ ಒಂದೇ ವೇಗದಲ್ಲಿ ಹೋಗಬೇಕು. ಯಾರಾದರೂ ಹಿಂದೆ ಬಿದ್ದರೆ ಗುಂಪು ನಿಲ್ಲುವುದಿಲ್ಲ. ಒಂದಕ್ಕಾಗಿ ನಿಂತರೆ ಮೂವತ್ತೂ ಹೋದಾವೆಂಬ ಲೆಕ್ಕ. ಹಿಂದುಳಿದವರು ಹಿಡಿಯಬೇಕಾದ ದಾರಿಯನ್ನು ಬರೆದು, ಅರಗಿನ ಮುದ್ರೆ ಒತ್ತಿ, ಪ್ರತಿ ಕ್ಯಾಪ್ಟನ್ನನ ಕೈಗೂ ಮೊದಲೇ ಒಂದು ಲಕೋಟೆ ಕೊಡುತ್ತಿದ್ದೆವು. ಎಷ್ಟೋ ಲಕೋಟೆಗಳನ್ನು ನಾನೇ ಅಂಟಿಸಿದ್ದೇನೆ. ಅದನ್ನು ಒಡೆಯುವ ಗಳಿಗೆ ಹೇಗಿರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಲವತ್ತಮೂರರ ನವರಾತ್ರಿಯ ಹೊತ್ತಿಗೆ ಬೊಂಬಾಯಿಗೆ ಎರಡು ಗುಂಪು ಹೊರಡುವುದಿತ್ತು. ಮೊದಲನೆಯದು ಗಂಟೆಗೆ ಒಂಬತ್ತು ಮೈಲಿ ಹೋಗುವವರದು. ಹದಿನಾರು ದಿನ ಬಿಟ್ಟು ನಿಧಾನದವರದು. ಅಣ್ಣನ ಹಡಗು ಕಲ್ಲಿದ್ದಲಿನ ಮುದುಕಿ, ಬಾಯ್ಲರು ಸೋರುತ್ತಿತ್ತು, ತಳಕ್ಕೆ ಪಾಚಿ ಕಟ್ಟಿತ್ತು. ಏಳೂವರೆಯ ಮೇಲೆ ಏಳುತ್ತಿರಲಿಲ್ಲ. ಹಡಗಿನ ವೇಗ ಬರೆದುಕೊಡುವ ಫಾರಮ್ಮಿನಲ್ಲಿ ಏಳೂವರೆ ಎಂದೇ ಇತ್ತು. ನಾನು ಹೊಸ ಫಾರಮ್ಮಿನಲ್ಲಿ ಒಂಬತ್ತೆಂದು ಬರೆದೆ. ಕ್ಯಾಪ್ಟನ್ನನಿಗೂ ಊರಿನ ಆಸೆ, ಕಣ್ಣು ಮುಚ್ಚಿ ಸಹಿ ಹಾಕಿದ. ಮೂರನೆಯ ಸಾಲು, ನಾಲ್ಕನೆಯ ಜಾಗ. ಆ ಜಾಗ ಕೊಟ್ಟವನೂ ನಾನೇ.

ಏಕೆ ಎಂದು ಕೇಳಿದರೆ, ಬರೀ ಹಮ್ಮು. ಇಪ್ಪತ್ತೊಂದು ವರ್ಷ ನನಗೆ. ತಮ್ಮನ ಕೈಯಲ್ಲೂ ಅಧಿಕಾರವಿದೆಯೆಂದು ಅಣ್ಣನಿಗೆ ತೋರಿಸಬೇಕಿತ್ತು.

ಸೀಮಂತಕ್ಕೆ ಅವನು ಬರಲೇಬೇಕೆಂದು ನೀವು ನನಗೆ ಬರೆದ ಕಾಗದ ಕೈ ಸೇರಿದ್ದು ಹಡಗು ಹೊರಟ ಹನ್ನೊಂದನೆಯ ದಿನ. ಆಗೆಲ್ಲ ಸೆನ್ಸಾರಿನವರು ಕಾಗದಗಳನ್ನು ಒಡೆದು, ಓದಿ, ಮಸಿ ಬಳಿದು ಕಳಿಸುತ್ತಿದ್ದರು, ನಿಮಗೇ ಗೊತ್ತಲ್ಲ. ಆ ವೇಳೆಗೆ ಅಣ್ಣ ಇರಲಿಲ್ಲ. ನಿಮ್ಮ ಮಾತು ಅವನನ್ನು ಮುಟ್ಟಲೇ ಇಲ್ಲ. ಭಾಗೀ, ಇದನ್ನು ಇನ್ನೊಮ್ಮೆ ಓದು.

ಗುಂಪು ಬೊಂಬಾಯಿ ಮುಟ್ಟಿದ ಮೇಲೆ ಅದರ ಮುಖ್ಯಾಧಿಕಾರಿಯ ವರದಿ ನಮ್ಮ ಕಚೇರಿಗೆ ಬಂತು. ಎರಡನೆಯ ದಿನ ಮೂವತ್ತನಾಲ್ಕನೆಯ ನಂಬರು, ಎಂದರೆ ಮೂರನೆಯ ಸಾಲಿನ ನಾಲ್ಕನೆಯದು, ವಿಪರೀತ ಹೊಗೆ ಬಿಡುತ್ತಿದೆ ಎಂದಿತ್ತು. ಮೂರನೆಯ ದಿನ ದೂರದಲ್ಲಿ ಕಾಣುತ್ತಿದೆ. ನಾಲ್ಕನೆಯ ದಿನ ಕಾಣುತ್ತಿಲ್ಲ. ಅದೇ ಮಧ್ಯಾಹ್ನ ಅದರಿಂದ ಅಪಾಯದ ಸಂದೇಶವೊಂದು ಬಂದು ಅರ್ಧಕ್ಕೆ ನಿಂತಿತು. ವೈರ್‌ಲೆಸ್ ಮುಂದೆ ಕುಳಿತಿದ್ದವನು ಅಣ್ಣ, ಅತ್ತಿಗೆ. ಆ ಕೊನೆಯ ಅಕ್ಷರಗಳು ಅವನ ಬೆರಳಿನವು. ವರದಿಗೆ ತೂತು ಹೊಡೆದು ನಾನೇ ಫೈಲಿಗೆ ಹಾಕಿದೆ.

ನಿಧಾನದ ಗುಂಪಿನ ಹಡಗುಗಳೆಲ್ಲ ಒಂದೂ ತಪ್ಪದೆ ಬೊಂಬಾಯಿ ಸೇರಿದವು.

ನೀವು ಬಳೆ ತೊಡಬೇಕಾದ ದಿನ ಬಳೆ ಒಡೆಸಿಕೊಂಡಿರಿ. ಹುಟ್ಟಿದ ಕೂಸನ್ನು ಅಪ್ಪನನ್ನು ನುಂಗಿದವಳೆಂದು ಜನ ಆಡಿಕೊಂಡರು. ರಜೆಯಲ್ಲಿ ಊರಿಗೆ ಬಂದ ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡು ಸುಮ್ಮನಿದ್ದೆ. ಅದಕ್ಕೆ ಕ್ಷಮೆಯಿಲ್ಲ, ಕೇಳುವುದೂ ಇಲ್ಲ. ಶಾಪ ಹಾಕುವುದಿದ್ದರೆ ಬಾಯ್ತುಂಬ ಹಾಕಿ, ಅದಕ್ಕಾದರೂ ಮೈಯಲ್ಲಿ ತ್ರಾಣ ಬೇಕು. ಎರಡು ತುತ್ತು ಮೊಸರನ್ನ ತಿನ್ನಿ.

ನಿಮ್ಮ ಕೈಯ ಅನ್ನ ತಿಂದು ಬೆಳೆದ ಮೈದುನ,
ಬದರಿ

ವಿ.ಸೂ.: ಭಾಗೀ, ಈ ಹಾಳೆ ನಿನಗೆ ಮಾತ್ರ. ಅಮ್ಮನಿಗೆ ಓದಬೇಡ.

ಅವಳ ಕಾಗದ ಹಡಗು ಹೊರಡುವ ಮೂರು ದಿನ ಮೊದಲೇ ಬಂದಿತ್ತು. "ನಿಮ್ಮ ಕೈಲಾಗದ್ದೇನಿದೆ, ಹೇಗಾದರೂ ಮೊದಲ ಹಡಗಿಗೇ ಕಳಿಸಿಕೊಡಿ" ಎಂದಿತ್ತು. ಅಣ್ಣನಿಗೆ ಓದಿ ಹೇಳಿದೆ. ಅವನು ನಕ್ಕ. "ಹದಿನಾರು ದಿನ ತಾನೇ ಬದರಿ, ಹಿಂದಿನ ಗುಂಪಲ್ಲೇ ಬರ್ತೀನಿ. ಈ ಹಡಗು ಅಷ್ಟು ಓಡಲ್ಲ. ಸೀತಾಗೆ ನಾನು ಸಮಾಧಾನ ಹೇಳ್ಕೋತೀನಿ" ಅಂದ. ಅವನಿಗೆ ತಿಳಿಸದೆ ನಾನು ಒಂಬತ್ತೆಂದು ಬರೆದೆ. ಅತ್ತಿಗೆ ಅದುವರೆಗೆ ನನ್ನನ್ನು ಏನನ್ನೂ ಕೇಳಿರಲಿಲ್ಲ.

ಆ ಕಾಗದ ಈ ಲಕೋಟೆಯಲ್ಲೇ ಇದೆ. ಹರಿಯಲು ಕೈ ಬರಲಿಲ್ಲ. ಅವಳನ್ನು ಕೊನೆಗೆ ಕಳಿಸಿಕೊಡುವ ದಿನ ಚಿತೆಯ ಮೇಲೆ ಜೊತೆಗೆ ಇಟ್ಟುಬಿಡು. ನನಗೆ ಉತ್ತರ ಬರೆಯಬೇಕಾಗಿಲ್ಲ. ಅಮ್ಮ ಊಟ ಮಾಡಿದಳೇ ಎಂಬುದನ್ನು ಮಾತ್ರ ತಿಳಿಸು.