ಬಿಗಿದ ಲಂಗೋಟ

ಶಿರಪ್ಯಾ,

ನೀನು ತೀರಿಕೊಂಡು ಹನ್ನೊಂದು ವರ್ಷ. ನಮ್ಮ ಕೊಲ್ಹಾಪುರದ ಕುಸ್ತಿ ತಾಲೀಮಿಗೆ ಈಗ ನಾನೇ ಪಟ್ಟು ಕಲಿಸುವ ವಸ್ತಾದ. ಇವತ್ತು ಬೆಳಿಗ್ಗೆ ನಿನ್ನ ತಮ್ಮ ಕೇರಬಾ ಲಂಗೋಟವನ್ನು ಮತ್ತೆ ಮತ್ತೆ ಬಿಚ್ಚಿ ಬಿಗಿಯುತ್ತಿದ್ದ. ಪಕ್ಕಕ್ಕೆ ಕರೆದು ಕೇಳಿದೆ.

"ಒಂದು ಬೀಜದಾಗ ಗಂಟಾಗೇದ್ರಿ. ನೋವಿಲ್ಲ. ಯಾವ ಹುಡುಗಿ ಬೆನ್ನೂ ಹತ್ತಿಲ್ರಿ, ನಿಮ್ಮಾಣಿ!"

"ಹುಡುಗಿ ಸುದ್ದಿ ಯಾರು ಕೇಳಿದ್ರೋ, ಕೋಣ? ಅಂಗಿ ಹಾಕ್ಕೋ. ದವಾಖಾನಿಗೆ ನಡಿ."

ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿದರು. ಕ್ಯಾನ್ಸರ್ ಇರಬಹುದು, ಬೇಗ ಬಂದಿದ್ದೀರಿ, ಆಪರೇಷನ್ ಮಾಡಿದರೆ ಗುಣವಾಗುವ ಸಾಧ್ಯತೆಯೇ ಹೆಚ್ಚು ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಆಗಿತ್ತೇ ಎಂದು ಕೇಳಿದರು.

"ನಮ್ಮಣ್ಣಗ ಆಗಿತ್ರಿ. ಭಾಳ ತಡಾ ಮಾಡಿ ತೋರಿಸಿದ. ಯಾಕಂತ ಯಾರಿಗೂ ಗೊತ್ತಿಲ್ಲ," ಎಂದ ಕೇರಬಾ.

ಆಗ ನಿನ್ನ ಗಂಟಿನ ವಿಷಯ ನೀನು ನನ್ನೊಬ್ಬನಿಗೆ ಮಾತ್ರ ಹೇಳಿದ್ದೆ. ಲಂಗೋಟ ಇನ್ನಷ್ಟು ಬಿಗಿಯಾಗಿ ಕಟ್ಟು, ಗಂಟು ಇಳಿಯುತ್ತದೆ, ಹಳೆಯ ವಸ್ತಾದರ ಕಿವಿಗೆ ಬಿದ್ದರೆ ನಿನ್ನ ಬ್ರಹ್ಮಚರ್ಯದ ಮೇಲೆ ಅನುಮಾನ ಪಡುತ್ತಾರೆ ಎಂದಿದ್ದೆ ನಾನು. ಡಾಕ್ಟರ ಮುಂದೆ ಇದನ್ನು ಹೇಳಲಿಲ್ಲ.

ಆಪರೇಷನ್ ಗುರುವಾರ. ದವಾಖಾನೆಯ ಅರ್ಜಿಯಲ್ಲಿ ಜೊತೆಗಿರುವವರ ಹೆಸರು ಎಂಬಲ್ಲಿ ನನ್ನದನ್ನು ಬರೆಸಿದ ಕೇರಬಾ, ಸಂಬಂಧ ಎಂಬಲ್ಲಿ 'ಅಣ್ಣ' ಎಂದು ಬರೆಸಿದ. ಅದರ ಕೆಳಗೆ ನಾನು ಸಹಿ ಹಾಕಿದೆ.