ಅಕ್ಕನ ಹೆಸರಲ್ಲಿ ಇಪ್ಪತ್ತೆರಡು ಸಾವಿರ ಹೆಜ್ಜೆ

ಆಸ್ಪತ್ರೆಯ ಡಿಜಿಟಲ್ ಸೇವೆಗಳ ಮಾನ್ಯ ಮುಖ್ಯಸ್ಥರೇ,

ನನ್ನ ಅಕ್ಕನ ಎರಡನೇ ಕೀಮೋವನ್ನು ನಿಮ್ಮ ಘನ ಆ್ಯಪ್ ಎರಡು ವಾರ ಮುಂದೂಡಿದೆ. ಕಾರಣ: ರೋಗಿ ವಿಪರೀತ ಓಡಾಡುತ್ತಿದ್ದಾರೆ, ನಿದ್ದೆ ಮಾಡುತ್ತಿಲ್ಲ, ಎದೆಬಡಿತ ಏರಿದೆ. ಸ್ವಾಮೀ, ಅದು ಅಕ್ಕನಲ್ಲ, ನಾನು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ.

ನನ್ನ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೆಜ್ಜೆ, ನಿದ್ದೆ, ನಾಡಿ ಎಲ್ಲ ಅಳೆದು ನಿಮಗೆ ಚಾಡಿ ಹೇಳುವ ಬ್ಯಾಂಡೊಂದನ್ನು ಮೊದಲ ಕೀಮೋ ದಿನ ಅಕ್ಕನ ಕೈಗೆ ಕಟ್ಟಿ ಕಳಿಸಿದಿರಿ. ಮೂರನೇ ದಿನ ಅವಳು ಬಿಚ್ಚಿ ಎಸೆದಳು. "ಮೈಯೆಲ್ಲ ಸೂಜಿ ಚುಚ್ಚಿದ್ದು ಸಾಲ್ದು ಅಂತ ಇದೊಂದು ಕೇಡು ಬೇರೆ. ನೀನೇ ಕಟ್ಕೊಳೋ!" ಯಾರೂ ಕಟ್ಟದಿದ್ದರೆ ಆ್ಯಪ್ ದಿನಕ್ಕೆ ಹನ್ನೊಂದು ಸಲ ಅರಚುತ್ತದೆ. ಕಾಟ ತಪ್ಪಲೆಂದು ನಾನೇ ಕಟ್ಟಿಕೊಂಡೆ. ನಾನು ಸಲೂನಿನವನು. ಬಲಗೈಯ ಬ್ಯಾಂಡು ಕತ್ತರಿಯ ಒಂದೊಂದು ಕಚಕ್ಕನ್ನೂ ಹೆಜ್ಜೆಯೆಂದು ಎಣಿಸಿತು. ಭಾನುವಾರ ಸಂಜೆ ಫೋನು ಉಲಿಯಿತು: "ಅಭಿನಂದನೆಗಳು! ಇಂದು ನೀವು ಇಪ್ಪತ್ತೆರಡು ಸಾವಿರ ಹೆಜ್ಜೆ ನಡೆದಿದ್ದೀರಿ!" ಬಚ್ಚಲಿಗೆ ಹೋಗಲೂ ನನ್ನ ಭುಜ ಹಿಡಿಯುವ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಯಿಲೆ ಗೊತ್ತಾದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಅಷ್ಟಕ್ಕೆ ಮಾತ್ರ ನಿಮಗೆ ಧನ್ಯವಾದ.

ಮರುದಿನ ಕೀಮೋ ಮುಂದೂಡಿದ ಸಂದೇಶ ಬಂತು. ಅಕ್ಕನನ್ನು ಕರೆದುಕೊಂಡು ಓಡಿ ಬಂದು ನಿಮ್ಮ ಕೌಂಟರಿನಲ್ಲಿ ಬ್ಯಾಂಡ್ ಬಿಚ್ಚಿಟ್ಟೆ, ಇದ್ದದ್ದನ್ನು ಇದ್ದಹಾಗೇ ಹೇಳಿದೆ. "ಮೇಡಂಗೆ ತುಂಬಾ ಸುಸ್ತು ಅಂತ ಸಿಸ್ಟಮ್ಮಲ್ಲಿದೆ ಸರ್, ನಾವೇನೂ ಮಾಡೋಕಾಗಲ್ಲ" ಎಂದಳು ಅಲ್ಲಿನ ಹುಡುಗಿ, ಪರದೆಯಿಂದ ಕಣ್ಣು ಕೀಳದೆ. ಅಕ್ಕ ತಲೆಗೆ ಸುತ್ತಿದ ಬಟ್ಟೆ ಸರಿಮಾಡಿಕೊಂಡು, "ನಾನಿಲ್ಲೇ ನಿಂತಿದೀನಲ್ಲಮ್ಮ, ಒಂದ್ಸಲ ನೋಡಬಾರ್ದಾ?" ಎಂದಳು. ಹುಡುಗಿ ನೋಡಲಿಲ್ಲ, ಬದಲಿಗೆ ವರದಿ ಅಚ್ಚುಹಾಕಿ ಕೊಟ್ಟಳು. ಅಲ್ಲಾ ಸ್ವಾಮೀ, ಮನುಷ್ಯರೇ ಎದುರಿಗೆ ಬಂದು ನಿಂತರೂ ನಂಬಿಕೆ ಬರದಿದ್ದರೆ ಇನ್ನೇನನ್ನು ತಂದು ತೋರಿಸಬೇಕು? ಉದುರುತ್ತಿದ್ದ ಅಕ್ಕನ ಕೂದಲನ್ನು ಪೂರ್ತಿ ಬೋಳಿಸಿದ್ದು ನಾನೇ, ಇದೇ ಕೈಯಲ್ಲಿ. ಆ ಹೊತ್ತಿಗೆ ನನ್ನ ನಾಡಿ ಎಷ್ಟಿತ್ತೆಂಬುದೂ ನಿಮ್ಮ ದಾಖಲೆಯಲ್ಲಿ ಇರಬೇಕು, ಹುಡುಕಿ ನೋಡಿ.

ಹೊರಗಿನ ಬೆಂಚಿನಲ್ಲಿ ಕೂತು ಅಕ್ಕ ವರದಿ ಓದಿದಳು.

"ದಿನಾ ಮೂರೇ ಗಂಟೆ ನಿದ್ದೆನಾ? ಬೆಳಿಗ್ಗೆ ಕೇಳಿದ್ರೆ ಚೆನ್ನಾಗಿ ನಿದ್ದೆ ಬಂತು ಅಂತಿದ್ಯಲ್ಲೋ!"

"ಯಂತ್ರ ಅಲ್ವಾ ಅಕ್ಕ, ಏನೋ ಸುಳ್ಳು ಹೇಳತ್ತೆ."

"ಸುಳ್ಳು ಹೇಳೋನು ನೀನು. ಮುಖ ನೋಡ್ಕೋ ಹೋಗು."

ನನಗೆ ಅಳು ಬಂತು. ಕೆಮ್ಮಿದ ಹಾಗೆ ಮಾಡಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಬರುವ ಸೋಮವಾರ ಒಬ್ಬ ವೈದ್ಯರು ಅಕ್ಕನ ರಕ್ತವನ್ನೂ, ಪುರುಸೊತ್ತಿದ್ದರೆ ಮುಖವನ್ನೂ ನೋಡಿ ಕೀಮೋ ಕೊಡಲಿ. ಬ್ಯಾಂಡನ್ನು ನೀವೇ ಕಟ್ಟಿಕೊಳ್ಳಿ. ನನ್ನ ಆರೋಗ್ಯದ ಚಿಂತೆ ಬೇಡ. ಈಗ ಮಧ್ಯಾಹ್ನ ಊಟವಾದೊಡನೆ ಅಕ್ಕ ನನ್ನನ್ನು ಬೈದು ಮಲಗಿಸಿ, ಎದ್ದುಹೋಗದಂತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ.

ಇಂತಿ,
ನಿಂತಲ್ಲೇ ಇಪ್ಪತ್ತೆರಡು ಸಾವಿರ ಹೆಜ್ಜೆ ನಡೆದವನು,
ಸದ್ಯ ಅಕ್ಕನ ನಿಗಾದಲ್ಲಿರುವ ರೋಗಿ